ರೇಂಜರ್ ಶಾಲೆಯಲ್ಲಿ ಮಹಿಳೆಯರಿಗೆ ರಿಯಾಯಿತಿ ಸಿಕ್ಕಿತೇ?

ಪ್ರಶ್ನೆ: ಮಹಿಳೆಯರು ತೇರ್ಗಡೆಯಾಗಲೆಂದು ಸೈನಿಕರಿಗೆ ಗಸ್ತು, ಮುಂದಾಳ್ತನಗಳ ಕಠಿಣ ತರಬೇತಿ ಕೊಡುವ ಅಮೆರಿಕದ ಭೂಸೇನೆಯ ರೇಂಜರ್ ಶಾಲೆಯಲ್ಲಿ ಪರೀಕ್ಷೆಯ ಮಟ್ಟವನ್ನು ಇಳಿಸಲಾಯಿತೇ?

ಉತ್ತರ: ಇಲ್ಲ. ಆದರೂ ಈ ಅನುಮಾನ ಬರುವುದು ಸಹಜ, ಏಕೆಂದರೆ 2015ರಲ್ಲಿ ಸೇನೆಯ ಸಾಮಾನ್ಯ ದೈಹಿಕ ಪರೀಕ್ಷೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಅಂಕಪಟ್ಟಿಗಳಿದ್ದವು. ರೇಂಜರ್ ಶಾಲೆಯಲ್ಲಿ ಮಾತ್ರ ಆಗ ಎಲ್ಲರಿಗೂ ಒಂದೇ ಅಳತೆಯಿತ್ತು: 49 ಪುಷ್-ಅಪ್, 59 ಸಿಟ್-ಅಪ್, 6 ಚಿನ್-ಅಪ್, 40 ನಿಮಿಷದೊಳಗೆ 5 ಮೈಲಿ ಓಟ, ಬೆನ್ನಿಗೆ ಹೊರೆ ಹೊತ್ತು 3 ಗಂಟೆಯೊಳಗೆ 12 ಮೈಲಿ ನಡಿಗೆ. ಇದಿಷ್ಟೂ ಮೊದಲ ವಾರದ ಪರೀಕ್ಷೆಯಾಗಿತ್ತು.

2015ರ ಏಪ್ರಿಲ್‌ನಲ್ಲಿ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ತರಬೇತಿಗಿಳಿದ 19 ಮಹಿಳೆಯರಲ್ಲಿ ಆ ವಾರವನ್ನು ದಾಟಿದವರು 8 ಮಂದಿ. ಗಸ್ತಿನ ಮುಂದಾಳ್ತನವನ್ನು ಅಳೆಯುವ ಮುಂದಿನ ಹಂತದಲ್ಲಿ ಅವರೆಲ್ಲರೂ ಎಡವಿದರು, ಎರಡನೆಯ ಯತ್ನವೂ ಫಲಿಸಲಿಲ್ಲ. ಆಗ ಮೂವರಿಗೆ ಮೊದಲ ದಿನದಿಂದ ಪುನಃ ಆರಂಭಿಸುವ ಅವಕಾಶ ದೊರೆಯಿತು. ಪುರುಷರಿಗೂ ಇರುವ ಈ ಅವಕಾಶವನ್ನೇ ಕೆಲವರು ರಿಯಾಯಿತಿ ಎನ್ನುತ್ತಾರೆ. ತಿಂಗಳುಗಟ್ಟಲೆ ಅರೆನಿದ್ರೆ, ಅರೆಹೊಟ್ಟೆಯಲ್ಲಿ ದಣಿದ ದೇಹವನ್ನು ಪುನಃ ಮೊದಲ ಪುಷ್-ಅಪ್‌ಗೆ ತಂದು ನಿಲ್ಲಿಸುವುದನ್ನು ರಿಯಾಯಿತಿಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆ ಮೂವರಲ್ಲಿ ಕ್ರಿಸ್ಟನ್ ಗ್ರೀಸ್ಟ್ ಮತ್ತು ಶೇ ಹೇವರ್ ಆಗಸ್ಟ್ 21ರಂದು, ಇಬ್ಬರು ಮಕ್ಕಳ ತಾಯಿಯಾದ 37 ವರ್ಷದ ಲೀಸಾ ಜಾಸ್ಟರ್ ಅಕ್ಟೋಬರ್‌ನಲ್ಲಿ ತೇರ್ಗಡೆಯಾದರು. ಅಲ್ಲಿ ಬೋಧಕರ ತೀರ್ಪಿನೊಂದಿಗೆ ತುಕಡಿಯ ಸಂಗಾತಿಗಳೂ ಪರಸ್ಪರರಿಗೆ ಅಂಕ ಕೊಡುತ್ತಾರೆ. ಅಂಥ ಸಂಗಾತಿಯೊಬ್ಬ ಪತ್ರಕರ್ತರ ಮುಂದೆ ನೆನೆದ ಪ್ರಸಂಗವಿದು: ಕಾಲ್ನಡಿಗೆಯ ನಡುವೆ ಭಾರ ಹೊರಲಾರದೆ ಆತ ಕುಸಿಯುವಂತಾದಾಗ, ಆ ಭಾರವನ್ನು ತೆಗೆದುಕೊಳ್ಳಲು ಮುಂದೆ ಬಂದವರು ಹೇವರ್ ಒಬ್ಬರೇ, ಉಳಿದ ದಾರಿಯುದ್ದಕ್ಕೂ ಅದನ್ನು ಅವರೇ ಹೊತ್ತರು.

ನಿಜವಾದ ತಾರತಮ್ಯವಿದ್ದುದು ಬೇರೆಡೆ. ತೇರ್ಗಡೆಯ ಗುರುತಾದ ರೇಂಜರ್ ಪಟ್ಟಿ ತೋಳಿಗೆ ಬಂದ ದಿನವೂ ಗ್ರೀಸ್ಟ್ ಮತ್ತು ಹೇವರ್‌ಗೆ ಪದಾತಿದಳದ ಬಾಗಿಲು ಮುಚ್ಚಿತ್ತು. ಶಾಲೆಯಿಂದ ಪ್ರತ್ಯೇಕ ಘಟಕವಾದ 75ನೇ ರೇಂಜರ್ ರೆಜಿಮೆಂಟ್‌ಗೂ ಪ್ರವೇಶವಿರಲಿಲ್ಲ. ಎಲ್ಲ ಯುದ್ಧಹುದ್ದೆಗಳನ್ನೂ ಮಹಿಳೆಯರಿಗೆ ತೆರೆಯುವ ನಿರ್ಧಾರವನ್ನು ರಕ್ಷಣಾ ಕಾರ್ಯದರ್ಶಿ ಆಷ್ ಕಾರ್ಟರ್ ಪ್ರಕಟಿಸಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. 2016ರ ಏಪ್ರಿಲ್‌ನಲ್ಲಿ ಗ್ರೀಸ್ಟ್ ಅಮೆರಿಕದ ಭೂಸೇನೆಯ ಮೊದಲ ಮಹಿಳಾ ಪದಾತಿದಳ ಅಧಿಕಾರಿಯಾದರು.