ನೊರೆಯಲ್ಲ, ಕಟಲ್‌ಫಿಶ್

ಗಂಗಾವತಿಯ ನಮ್ಮ ಮನೆಯ ಲವ್ ಬರ್ಡ್ಸ್ ಪಂಜರದಲ್ಲಿ ಬಿಳಿಯ ಬಿಲ್ಲೆಯೊಂದನ್ನು ತಂತಿಯಲ್ಲಿ ಕಟ್ಟಿರುತ್ತಿದ್ದೆವು. ಅಂಗಡಿಯವರು ಅದನ್ನು ‘ಸಮುದ್ರದ ನೊರೆ’ ಅಂತಲೇ ಕೊಡುತ್ತಿದ್ದರು. ನೊರೆ ಒಣಗಿದರೆ ಹೀಗೇ ಆಗುತ್ತದೇನೋ ಎಂದು ನಾನೂ ನಂಬಿದ್ದೆ. ನಮ್ಮೂರಿಗೆ ಸಮುದ್ರ ದೂರ, ಕೇಳೋರು ಯಾರು?

ಆ ‘ನೊರೆ’ಯ ಮಾಲೀಕನನ್ನು ಜೀವಂತ ನೋಡಿದ್ದು ಅಂಡಮಾನಿನ ಹ್ಯಾವ್ಲಾಕ್ ದ್ವೀಪದಲ್ಲಿ, ಸ್ಕೂಬಾ ಡೈವಿಂಗ್ ಮಾಡುವಾಗ. ನಾನು ಈಜು ಕಲಿತದ್ದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ. ಅಲ್ಲಿನ ಕೆಂಪು ನೀರಲ್ಲಿ ನಮ್ಮ ಕೈಯೇ ನಮಗೆ ಕಾಣದು. ಇಲ್ಲಿ ಹವಳದ ಒಂದೊಂದು ಬಿರುಕೂ ಕಾಣುತ್ತಿತ್ತು. ಅಂಥದರಲ್ಲೂ ಕಟಲ್‌ಫಿಶ್ ಕಣ್ಣಿಗೆ ಬೀಳಲಿಲ್ಲ. ಗೈಡ್ ಬೆರಳು ತೋರಿಸಿದ ಮೇಲೆ, ಕಲ್ಲು ಅಂದುಕೊಂಡಿದ್ದು ಅಲುಗಿತು. ಕಂದು ಮೈ ಬಿಳಿಚಿಕೊಂಡಿತು. ಪಟ್ಟೆ ಬಂತು. ಅಂಚಿನುದ್ದಕ್ಕೂ ನೀಲಿ ಹೊಳಪು ಓಡಿತು.

ಗೋಸುಂಬೆಗೆ ಬಣ್ಣ ಬದಲಿಸಲು ಸ್ವಲ್ಪ ಹೊತ್ತು ಬೇಕು. ಇದಕ್ಕೆ ಒಂದು ಸೆಕೆಂಡೂ ಬೇಡ. ಚರ್ಮದ ತುಂಬ ಹಳದಿ, ಕೆಂಪು, ಕಂದು ಬಣ್ಣದ ಲಕ್ಷಾಂತರ ಪುಟ್ಟ ಚೀಲಗಳಿವೆ. ಪ್ರತಿ ಚೀಲದ ಸುತ್ತಲೂ ಸ್ನಾಯುಗಳು. ಭತ್ತದ ಕಣದಲ್ಲಿ ಮುದುರಿದ ತಾಡಪತ್ರಿಯನ್ನು ನಾಲ್ಕು ಜನ ಮೂಲೆ ಹಿಡಿದು ಎಳೆಯುತ್ತಾರಲ್ವಾ, ಹಾಗೆ. ಸ್ನಾಯು ಎಳೆದರೆ ಚೀಲ ಅಗಲವಾಗಿ ಬಣ್ಣ ಕಾಣುತ್ತದೆ, ಬಿಟ್ಟರೆ ಚುಕ್ಕೆಯಷ್ಟಾಗುತ್ತದೆ. ಅಪ್ಪಣೆ ಮಿದುಳಿನಿಂದ ನರಗಳ ಮೂಲಕ ನೇರ ಬರುವುದರಿಂದಲೇ ಈ ವೇಗ. ನೀಲಿ, ಹಸಿರು ಹೊಳಪು ಮಾತ್ರ ಬಣ್ಣದ್ದಲ್ಲ. ಕೆಳಪದರದ ಕೋಶಗಳು ಬೆಳಕನ್ನು ಪ್ರತಿಫಲಿಸಿ ಆಡುವ ಆಟ ಅದು, ನವಿಲುಗರಿಯದರ ಹಾಗೆ.

ತಮಾಷೆ ಅಂದರೆ, ಪರೀಕ್ಷೆ ಮಾಡಿ ನೋಡಿದವರ ಪ್ರಕಾರ ಈ ಪ್ರಾಣಿಗೆ ಬಣ್ಣವೇ ಕಾಣದು. ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶಗಳು 3 ಬಗೆ. ಇದರ ಕಣ್ಣಲ್ಲಿ ಬೆಳಕು ಹಿಡಿಯುವ ಕೋಶ ಒಂದೇ ಬಗೆ. ಬೆಳಕು-ನೆರಳು, ಕಲ್ಲಿನ ಅಂಚು, ಮರಳಿನ ಹರಳುಗಳ ಗಾತ್ರ ನೋಡಿಕೊಂಡೇ ವೇಷ ಕಟ್ಟುತ್ತದೆ. ಬಯಲಾಟದವರಿಗೂ ಎದುರಿಗೊಂದು ಕನ್ನಡಿ ಬೇಕು!

ಹೆಸರಲ್ಲಿ ಫಿಶ್ ಇದ್ದರೂ ಇದು ಮೀನಲ್ಲ. ಬಸವನಹುಳು, ಆಕ್ಟೋಪಸ್‌ಗಳ ಬಳಗ. 3 ಹೃದಯ, ನೀಲಿ-ಹಸಿರು ರಕ್ತ. ಬಸವನಹುಳು ಹೊರಗೆ ಹೊರುವ ಚಿಪ್ಪನ್ನು ಇದು ಮೈಯೊಳಗೆ ಇಟ್ಟುಕೊಂಡಿದೆ. ಅದೇ ನಮ್ಮ ‘ನೊರೆ’. ಅದು ಬಹುಪಾಲು ಸುಣ್ಣ, ಅದಕ್ಕೇ ಹಕ್ಕಿಗೆ ಕೊಡುವುದು. ಒಳಗೆ ತೆಳು ಗೋಡೆಗಳ ಸಾಲು ಸಾಲು ಕೋಣೆಗಳಿವೆ. ಅವುಗಳಲ್ಲಿನ ನೀರನ್ನು ಹೆಚ್ಚು ಕಡಿಮೆ ಮಾಡಿಕೊಂಡು, ಬೇಕಾದ ಆಳದಲ್ಲಿ ಇದು ತೇಲುತ್ತ ನಿಲ್ಲುತ್ತದೆ. ಆವತ್ತು ನಾನೂ ಅದೇ ಕೆಲಸಕ್ಕೆ ಜಾಕೆಟ್ಟಿಗೆ ಗಾಳಿ ತುಂಬುತ್ತ, ಬಿಡುತ್ತ, ಮೇಲೆ ಕೆಳಗೆ ಒದ್ದಾಡುತ್ತಿದ್ದೆ. ಅದು ಎದುರಿಗೇ ಸುಮ್ನೆ ನಿಂತಿತ್ತು.