ಗುತ್ತಿನ ಮನೆ ಬಿದ್ದದ್ದು ಮಳೆಗಲ್ಲ

ಹಳೆ ಮನೆಗಳನ್ನು ತಂದು ನಿಲ್ಲಿಸಿರುವ ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ಕುಂಜೂರಿನ ಚೌಕಿ ಮನೆ, ಅಂದರೆ ನಡುವೆ ಅಂಗಳವಿರುವ ಮನೆ, ಇದೆ. 1816ರದ್ದು. ಆದರೆ ಅದು ಅಲ್ಲಿ ಹುಟ್ಟಿದ ಮನೆಯಲ್ಲ. ಬಿಚ್ಚಿ, ಹೊತ್ತು ತಂದು, ಮತ್ತೆ ಜೋಡಿಸಿದ್ದು. ಮನೆ ಉಳಿಸಲು ಅದನ್ನು ಊರಿನಿಂದಲೇ ಎಬ್ಬಿಸಬೇಕಾಯಿತು ಅಂದರೆ, ಊರಲ್ಲಿ ಏನಾಗಿತ್ತು?

ಕರಾವಳಿಯ ಹಳೆ ಮನೆಗಳು ಮಳೆಗೆ ಬಿದ್ದವು ಅಂತ ಸುಮ್ನೆ ಹೇಳಿಬಿಡುತ್ತೇವೆ. ಅವನ್ನು ಕಟ್ಟಿದ್ದೇ ಮಳೆಗೆ. ಇಳಿಜಾರು ಮಾಡು, ಗೋಡೆ ದಾಟಿ ಚಾಚಿದ ಸೂರು, ದಪ್ಪ ಗೋಡೆ, ಹಲಸಿನ ಕಂಬ. ಮೊದಲು ಮುಳಿಹುಲ್ಲು ಹೊದೆಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಂಚು ಬಂತು. ಹಂಚಿನ ಮಾಡಿಗೂ ವರ್ಷಕ್ಕೊಮ್ಮೆ ಆಳು ಹತ್ತಬೇಕು. ತರಗೆಲೆ ಗುಡಿಸಬೇಕು, ಒಡೆದ ಹಂಚು ಬದಲಿಸಬೇಕು. ಬಿಟ್ಟರೆ ಹಂಚು ಹೊತ್ತ ಮರದ ಪಕ್ಕಾಸಿಗೆ ನೀರು ಇಳಿಯುತ್ತದೆ, ಹಿಂದೆಯೇ ಗೆದ್ದಲು. ಒಲೆ ಉರಿಯುವ ಮನೆಯಲ್ಲಿ ಹೊಗೆ ಕೂಡ ಮರವನ್ನು ಹುಳದಿಂದ ಕಾಯುತ್ತಿತ್ತು. ಬೀಗ ಹಾಕಿದ ಮನೆಗೆ ಅದೂ ಇಲ್ಲ.

ಬೀಗ ಬಿದ್ದ ಕತೆ ಶುರುವಾಗುವುದು 1949ರಿಂದ. ತುಳುನಾಡಿನ ಅಳಿಯಸಂತಾನ ಕುಟುಂಬಗಳಲ್ಲಿ ತಾಯಿಯ ಕಡೆಯಿಂದ ಆಸ್ತಿ ಬರುತ್ತಿತ್ತು. ಗುತ್ತಿನ ಮನೆ, ಅಂದರೆ ಊರಿನ ಯಜಮಾನಿಕೆಯ ದೊಡ್ಡ ಮನೆ, ಇಡೀ ಕುಟುಂಬದ್ದು, ಯಾರೊಬ್ಬರದ್ದೂ ಅಲ್ಲ. ಆ ವರ್ಷದ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. ಗದ್ದೆ ಹಂಚಬಹುದು, ಎಲ್ಲರೂ ಸೇರುವ ಚಾವಡಿ ಹೇಗೆ ಹಂಚುತ್ತೀರಿ? ಮೇಲಿಂದ 1974ರ ಭೂಸುಧಾರಣೆ. ಗೇಣಿ ನಿಂತಿತು. ಮಾಡಿಗೆ ಆಳು ಹತ್ತಿಸುತ್ತಿದ್ದದ್ದು ಆ ಗೇಣಿಯ ಅಕ್ಕಿಯೇ. ಇದಕ್ಕಾಗಿ ಭೂಸುಧಾರಣೆಯನ್ನು ದೂರುವವರಿದ್ದಾರೆ, ನಾನಂತೂ ದೂರುವುದಿಲ್ಲ. ಗೇಣಿ ಅಳೆದುಕೊಟ್ಟವರ ಮನೆ ಹೇಗಿತ್ತು ಅಂತ ಯಾರೂ ಕೇಳಲಿಲ್ಲ, ಅಲ್ವಾ?

ಆಮೇಲೆ ಮಕ್ಕಳು ಮುಂಬೈಗೆ, ಕೊಲ್ಲಿಗೆ ಹೋದರು. ಕೆತ್ತನೆಯ ಕಂಬ, ಬಾಗಿಲು, ಮುಚ್ಚಿಗೆ ಹಲಗೆಗಳು ಹಳೆ ಸಾಮಾನಿನ ವ್ಯಾಪಾರಿಗಳ ಲಾರಿ ಹತ್ತಿದವು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ವಿಜಯನಾಥ ಶೆಣೈ ಇದನ್ನು ನೋಡಿ ಸುಮ್ಮನಿರಲಿಲ್ಲ. ಕೆಡವಿದ ಮನೆಗಳ ಮರ ತಂದು ಮೊದಲು ತಮ್ಮದೇ ಮನೆ ಕಟ್ಟಿದರು, 'ಹಸ್ತಶಿಲ್ಪ'. ಮುಂದೆ ಮನೆಗಳನ್ನೇ ಹೆರಿಟೇಜ್ ವಿಲೇಜ್‌ಗೆ ತಂದರು. ಒಂದೊಂದು ತುಂಡಿಗೂ ನಂಬರ್ ಹಾಕಿ, ನಕ್ಷೆ ಬರೆದು, ಬಿಚ್ಚಿ, ಅದೇ ಕ್ರಮದಲ್ಲಿ ಕೂಡಿಸುವ ಕೆಲಸ. ಹರ್ಕೂರಿನ ಒಳಗಿನ ಮನೆ, ಭಟ್ಕಳದ ನವಾಯತರ ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್ ಎಲ್ಲ ಹೀಗೆ ಬಂದವು. ಶೆಣೈ 2017ರಲ್ಲಿ ತೀರಿಕೊಂಡರು.

ಎಬ್ಬಿಸಿ ತಂದ ಮನೆಯಲ್ಲಿ ಗದ್ದೆಯಿಲ್ಲ, ಭೂತದ, ಅಂದರೆ ಮನೆತನದ ದೈವದ, ನೇಮದ ಆರಾಧನೆಯಿಲ್ಲ ಅನ್ನುವವರ ಮಾತೂ ಸುಳ್ಳಲ್ಲ. ಆದರೆ ಹಾಗೆ ಎಬ್ಬಿಸಿ ತರದಿದ್ದರೆ ಆ ಮರ ಯಾವುದೋ ರೆಸಾರ್ಟಿನ ಬಾರ್ ಕೌಂಟರ್ ಆಗಿರುತ್ತಿತ್ತು.

ತಮಾಷೆಯೆಂದರೆ, ಊರಲ್ಲೇ ನಿಂತ ಗುತ್ತಿನ ಮನೆಗಳನ್ನು ಕಾದದ್ದು ಜಾಸ್ತಿ ದೈವಗಳೇ. ಚಾವಡಿಯಲ್ಲಿ ದೈವದ ಮಂಚ ಇರುವ ತನಕ ಮನೆ ಮಾರಲು ಕೈ ಬಾರದು. ಜ್ಯೋತಿಷಿಯಲ್ಲಿ ಪ್ರಶ್ನೆ ಇಟ್ಟಾಗ ದೋಷ ಕಂಡರೆ ದೂರದೂರಿನ ಕುಟುಂಬದವರೂ ದುಡ್ಡು ಹಾಕುತ್ತಾರೆ, ಜೀರ್ಣೋದ್ಧಾರ ಶುರು. ಎಷ್ಟೋ ಕಡೆ ಅದರ ಮೊದಲ ಕೆಲಸ ಹಳೆ ಚಾವಡಿ ಕೆಡವುವುದು. ಹೊಸದಕ್ಕೆ ಕಾಂಕ್ರೀಟ್ ಕಂಬ, ಮೇಲೆ ಮರದ ಬಣ್ಣದ ಪೇಂಟ್. ನೆಲಕ್ಕೆ ಗ್ರಾನೈಟ್.