ಓದುಗರ ಪ್ರಶ್ನೆ: ಎಂ2 ಕಾರಿಗೆ ‘200 ಟ್ರೆಡ್‌ವೇರ್’ ಟೈರ್ ಹಾಕಿಸಲಾ?

ಪ್ರಶ್ನೆ: ನನ್ನದು ಬಿಎಂಡಬ್ಲ್ಯೂ ಎಂ2 (2023ರಲ್ಲಿ ಬಂದ ತಲೆಮಾರಿನದು), ಬೆಂಗಳೂರಿನಲ್ಲಿದೆ. ಹಿಂದಿನ ಎರಡು ಟೈರ್ ಸವೆದಿವೆ. ವರ್ಷಕ್ಕೆ ಎರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಹೋಗುತ್ತೇನೆ. ಉಳಿದಂತೆ ಆಫೀಸು, ಭಾನುವಾರದ ಡ್ರೈವ್. ‘200 ಟ್ರೆಡ್‌ವೇರ್ ಟೈರ್ ಹಾಕು, ರಸ್ತೆಗೆ ಅಂಟಿಕೊಂಡು ಓಡುತ್ತೆ’ ಅಂತಾರೆ ಗೆಳೆಯರು. ಹಾಕಿಸಲಾ?

ಉತ್ತರ: ಬೇಡ. ನಿಮ್ಮ ಓಡಾಟಕ್ಕೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಥರದ ರಸ್ತೆ ಟೈರೇ ಸರಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ 200ರ ಕಥೆ. ಅದು ಗ್ರಿಪ್‌ನ ಅಳತೆ ಅಲ್ಲವೇ ಅಲ್ಲ, ಸವೆತದ ಅಳತೆ; ನಂಬರ್ ಕಡಿಮೆಯಾದಷ್ಟೂ ಟೈರ್ ಬೇಗ ಸವೆಯುತ್ತದೆ ಅಂತ ಅರ್ಥ. ಅಮೆರಿಕದ ಟೆಕ್ಸಾಸ್‌ನ ಸ್ಯಾನ್ ಆಂಜೆಲೊ ಸುತ್ತ ಸುಮಾರು 640 ಕಿ.ಮೀ. ಉದ್ದದ ಒಂದು ಹಾದಿ ಇದೆ. ಅಲ್ಲಿ ಹೊಸ ಟೈರನ್ನು ಒಂದು ಮಾದರಿ ಟೈರಿನ ಜೊತೆ ಸುಮಾರು 11,500 ಕಿ.ಮೀ. ಓಡಿಸಿ, ಎಷ್ಟು ಸವೆಯಿತು ಅಂತ ನೋಡುತ್ತಾರೆ. ಕೊನೆಗೆ ನಂಬರ್ ಕೊಡುವುದು ಟೈರ್ ಕಂಪನಿಯೇ. ಹಾಗಾಗಿ ಒಂದು ಕಂಪನಿಯ 200ನ್ನು ಇನ್ನೊಂದರ 300ರ ಪಕ್ಕ ಇಟ್ಟು ಗ್ರಿಪ್ ಲೆಕ್ಕ ಹಾಕಲು ಆಗುವುದಿಲ್ಲ. 200ಕ್ಕೆ ಇಷ್ಟು ಹೆಸರು ಬಂದದ್ದು ಬೇರೆ ಕಾರಣಕ್ಕೆ. ಅಲ್ಲಿನ ಹವ್ಯಾಸಿ ರೇಸ್‌ಗಳ ಎಷ್ಟೋ ವಿಭಾಗಗಳಲ್ಲಿ 200ಕ್ಕಿಂತ ಕಡಿಮೆ ನಂಬರಿನ ಟೈರಿಗೆ ಅವಕಾಶ ಇಲ್ಲ. ಆ ಗೆರೆಗೆ ಸರಿಯಾಗಿ ತಯಾರಾದವು ಯೊಕೊಹಾಮಾ ಎ052, ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಥರದವು. ಹೆಸರಿಗೆ ರಸ್ತೆ ಟೈರು, ಮನಸ್ಸೆಲ್ಲ ಟ್ರ್ಯಾಕ್ ಮೇಲೆ.

ಇಂಥ ಟೈರ್ ಚೆನ್ನಾಗಿ ಬಿಸಿಯಾದಾಗಲೇ ರಸ್ತೆಯನ್ನು ಪೂರ್ತಿ ಹಿಡಿಯುತ್ತದೆ. ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು ಹೊಡೆದು ಬಂದ ಟೈರನ್ನು ಮುಟ್ಟಿ ನೋಡಿ. ಉಗುರು ಒತ್ತಿದರೆ ಗುರುತು ಬೀಳುತ್ತದೆ, ಅಂಚಿನಲ್ಲಿ ರಬ್ಬರ್ ಸುರುಳಿ ಸುರುಳಿಯಾಗಿ ಎದ್ದಿರುತ್ತದೆ. ಬೆಳಗ್ಗೆ ಆರಕ್ಕೆ ಮನೆಯಿಂದ ಹೊರಟ ಕಾರಿನ ಟೈರಿಗೆ ಆ ಬಿಸಿ ಎಲ್ಲಿಂದ ಬರಬೇಕು? ದುಡ್ಡು ಕೊಟ್ಟ ಗ್ರಿಪ್ ಪೂರ್ತಿ ಸಿಗುವುದೇ ಇಲ್ಲ. ಸಿಗುವುದು ಸದ್ದು. ಮೆತ್ತಗಿನ ರಬ್ಬರ್ ಸಣ್ಣ ಕಲ್ಲುಗಳನ್ನೆಲ್ಲ ಎತ್ತಿಕೊಂಡು ಮಡ್‌ಗಾರ್ಡ್ ಒಳಗೆ ಟಣ್ ಟಣ್ ಅಂತ ಹೊಡೆಯುತ್ತಿರುತ್ತದೆ.

ನನಗೆ ನಿಜವಾಗಿ ಭಯ ಆಗುವುದು ಮಳೆಯದು. ನಿಮ್ಮ ಹಿಂದಿನ ಟೈರಿನ ಅಗಲ 285 ಮಿ.ಮೀ. ಅಗಲ ಜಾಸ್ತಿಯಾದಷ್ಟೂ ಟೈರ್ ನೀರಿನ ಮೇಲೆ ತೇಲುವುದು ಸುಲಭ. ಈ ಟ್ರ್ಯಾಕ್ ಥರದ ಟೈರುಗಳಲ್ಲಿ ನೀರು ಹೊರಹಾಕುವ ಕಾಲುವೆಯಂಥ ಗೀರುಗಳು ಕಡಿಮೆ, ಆಳವೂ ಕಡಿಮೆ. ಅರ್ಧ ಸವೆದ ಮೇಲಂತೂ ಕೇಳಲೇಬೇಡಿ. ನಿಮ್ಮ ಕಾರಿನ 460 ಎಚ್‌ಪಿ (ಹೊಸ ಆವೃತ್ತಿಯಾದರೆ 480) ಎಲ್ಲ ಹೋಗುವುದು ಹಿಂದಿನ ಎರಡೇ ಚಕ್ರಕ್ಕೆ. ಸಂಜೆ ಮಳೆಯಲ್ಲಿ ಫ್ಲೈಓವರ್ ಇಳಿಯುವಾಗ, ಮುಂದೆ ನೀರು ನಿಂತಿದ್ದರೆ, ಆಕ್ಸಿಲರೇಟರ್ ಒಂಚೂರು ಜಾಸ್ತಿ ಒತ್ತಿದರೂ ಕಾರಿನ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ.

ಕೊಳ್ಳುವಾಗ ಸೈಜು ಬದಲಿಸಬೇಡಿ: ಮುಂದೆ 275/35 ಆರ್19, ಹಿಂದೆ 285/30 ಆರ್20. ಹಿಂದಿನ ಟೈರಿನ ಪಕ್ಕದ ಗೋಡೆಯ ಎತ್ತರ ಎಂಟೂವರೆ ಸೆಂ.ಮೀ. ಅಷ್ಟೆ. ನಮ್ಮ ಗುಂಡಿಗಳಿಗೆ ಅದೇ ಕಡಿಮೆ, ಇನ್ನೂ ತೆಳ್ಳಗಿನದು ಬೇಡವೇ ಬೇಡ. ‘ವೈ’ ಅಕ್ಷರ ಇರಲಿ, ಅದು ಗಂಟೆಗೆ 300 ಕಿ.ಮೀ. ವರೆಗಿನ ವೇಗ ತಾಳುವ ಗುರುತು. ಬಿಎಂಡಬ್ಲ್ಯೂಗಾಗಿಯೇ ಹದ ಮಾಡಿದ ಟೈರಿನ ಮೇಲೆ ನಕ್ಷತ್ರದ ಗುರುತು ಇರುತ್ತದೆ, ಸಿಕ್ಕರೆ ಅದನ್ನೇ ಆರಿಸಿ. ತಯಾರಾದ ವಾರವನ್ನೂ ನೋಡಿ: ಪಕ್ಕದ ಗೋಡೆಯ ಮೇಲೆ 2324 ಅಂತಿದ್ದರೆ 2024ರ 23ನೇ ವಾರ. 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟೈರುಗಳ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಇಂಥ ಸೈಜುಗಳು ಯಾವಾಗಲೂ ಸಿಗುವುದಿಲ್ಲ. ಆ ಅವಸರದಲ್ಲಿ ಹಳೇ ಸ್ಟಾಕ್ ತಲೆಗೆ ಕಟ್ಟಿಸಿಕೊಳ್ಳಬೇಡಿ.

ಹಿಂದಿನ ಎರಡನ್ನೇ ಬದಲಿಸುವುದಾದರೆ ಮುಂದಿರುವ ಕಂಪನಿಯದೇ, ಅದೇ ಮಾಡೆಲ್ ಹಾಕಿಸಿ. ಮುಂದಿನವೂ ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ನಾಲ್ಕೂ ಒಟ್ಟಿಗೆ ಬದಲಿಸಿ. ಹೊಸ ಟೈರಿನ ಮೇಲೆ, ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಜಾರುವ ಪದಾರ್ಥ ಇನ್ನೂ ಇರುತ್ತದೆ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಮೆಲ್ಲಗೆ ಓಡಿಸಿ.

ಟ್ರ್ಯಾಕ್ ಆಸೆ ಬಲವಾಗಿದ್ದರೆ ಇನ್ನೊಂದು ಸೆಟ್ ವೀಲ್ ತಗೊಂಡು ಅದಕ್ಕೆ 200ರ ಟೈರ್ ಹಾಕಿಸಿ. ಇರುಂಗಾಟ್ಟುಕೋಟೈಗೆ ಹೋಗುವಾಗ ಅವನ್ನು ಬೇರೆ ಗಾಡಿಯಲ್ಲಿ ಸಾಗಿಸಿ, ಟ್ರ್ಯಾಕ್ ಪಕ್ಕದ ಪಿಟ್‌ನಲ್ಲೇ (ಕಾರು ನಿಲ್ಲಿಸಿ ರಿಪೇರಿ ಮಾಡುವ ಜಾಗ) ಬದಲಿಸಿಕೊಳ್ಳಿ.